ಕಾಸರಗೋಡಿನಲ್ಲಿ ಮನೆಮಂದಿ ಸೇರಿ ಮಕ್ಕಳ ಕತೆ-ಪುಸ್ತಕದ ದಿನ ಮಾಡುವುದು ಹೇಗೆ?

ನೆರೆಕರೆಯ ಮನೆಯವರೆಲ್ಲ ಸೇರಿ ಮಕ್ಕಳ ಪುಸ್ತಕಕ್ಕೆ ಅಂತಲೇ ಒಂದು ದಿನ ಇಡಬೇಕು, ಆದರೆ ಮಕ್ಕಳು ಇಂಗ್ಲಿಷ್ ಮಾಧ್ಯಮ, ಮನೆಯಲ್ಲಿ ತುಳು, ಕನ್ನಡ ಓದಲು ತಡವರಿಸುತ್ತಾರೆ, ಏನು ಮಾಡುವುದು ಅಂತ ಕೇಳಿದ್ದೀರಿ. ನಾನು ಬದಿಯಡ್ಕದ ಕಡೆಯವನು. ನಮ್ಮೂರಿನ ಗ್ರಂಥಾಲಯದಲ್ಲಿ ಇಂಥದ್ದನ್ನು ನಡೆಸುವವರಲ್ಲಿ ನಾನೂ ಒಬ್ಬ.

ವೇದಿಕೆ ಬೇಡ, ಮೈಕ್ ಬೇಡ. ಮೈಕ್ ಬಂತೋ, ಹಿಂದೆಯೇ ದೀಪ ಬೆಳಗಿಸುವುದು, ಸ್ವಾಗತ, ಅಧ್ಯಕ್ಷರ ಭಾಷಣ ಎಲ್ಲ ಬರುತ್ತದೆ. ಕತೆಯ ಸರದಿ ಬರುವಾಗ ಮಕ್ಕಳು ಅಂಗಳದಲ್ಲಿ ಓಡುತ್ತಿರುತ್ತಾರೆ. ಸ್ಪರ್ಧೆಯೂ ಬೇಡ. ಬಹುಮಾನ ಇಟ್ಟರೆ ಕತೆ ಹೋಗಿ ಕಂಠಪಾಠ ಆಗುತ್ತದೆ.

ಚಾಪೆ ಹಾಸಿ. ಒಂದು ಪುಸ್ತಕಕ್ಕೆ ನಾಲ್ಕೈದು ಮಕ್ಕಳು, ಜೊತೆಗೆ ಒಬ್ಬರು ಹಿರಿಯರು. ಹಿರಿಯರಿಗೆ ಕನ್ನಡ ಓದಲು ಬರಲೇಬೇಕೆಂದಿಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಚಿತ್ರ ನೋಡಿಕೊಂಡು ತುಳುವಿನಲ್ಲೇ ಕತೆ ಕಟ್ಟುತ್ತಿದ್ದರು. ಪುಸ್ತಕದಲ್ಲಿ ಇಲ್ಲದ ಹಲಸಿನ ಮರ, ಒಂದು ತುಡುಗು ದನ ಎಲ್ಲ ಸೇರಿಸಿಬಿಟ್ಟರು. ಪಕ್ಕದಲ್ಲಿದ್ದ ನಾಲ್ಕನೇ ಕ್ಲಾಸಿನ ಹುಡುಗಿಗೆ ತಡೆಯಲಿಲ್ಲ. "ಅಜ್ಜೀ, ಇಲ್ಲಿ ಹಾಗೆ ಬರೆದಿಲ್ಲ!" "ಹಾಗಾದ್ರೆ ನೀನೇ ಓದು ಮಗಾ." ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದ ಹುಡುಗಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಇಡೀ ಪುಟ ಓದಿದಳು. ಕನ್ನಡದ ಅಭಿಮಾನಕ್ಕಲ್ಲ, ಅಜ್ಜಿಯ ಜೊತೆ ವಾದದಲ್ಲಿ ಗೆಲ್ಲುವುದಕ್ಕೆ! ಹಾಗಾಗಿ ತುಳು, ಹವ್ಯಕ, ಮಲಯಾಳ ಯಾವುದರಲ್ಲಿ ಬೇಕಾದರೂ ಹೇಳಲಿ ಬಿಡಿ. ಕೈಯಲ್ಲಿರುವ ಪುಸ್ತಕ ಕನ್ನಡದ್ದಾಗಿದ್ದರೆ ಸಾಕು.

ದಿನ ಆರಿಸುವಾಗ ಸ್ವಲ್ಪ ಯೋಚಿಸಿ. ನಮ್ಮಲ್ಲಿ ದೀಪಾವಳಿಯಿಂದ ಪತ್ತನಾಜೆವರೆಗೆ, ಅಂದರೆ ಮೇ ಕೊನೆಯವರೆಗೆ, ಭೂತಕೋಲ, ಜಾತ್ರೆ, ಯಕ್ಷಗಾನ, ಮದುವೆ ಅಂತ ಜನ ಮನೆಯಲ್ಲಿ ಇರುವುದೇ ಕಷ್ಟ. ಜೂನ್ 19 ಹೇಗೂ ಕೇರಳದಲ್ಲಿ ವಾಚನಾ ದಿನ, ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ತೀರಿಹೋದ ದಿನ. ಆ ವಾರ ಗ್ರಂಥಾಲಯದವರು ಕಾರ್ಯಕ್ರಮ ಹುಡುಕುತ್ತಲೇ ಇರುತ್ತಾರೆ, ಕೇಳಿದರೆ ಜಾಗ ಕೊಡುತ್ತಾರೆ. ಜುಲೈ-ಆಗಸ್ಟ್‌ನಲ್ಲಿ ಬರುವ ಆಟಿ ತಿಂಗಳು ಇನ್ನೂ ಒಳ್ಳೆಯದು. ಹೊರಗೆ ಮಳೆ, ಯಾರಿಗೂ ಅವಸರ ಇಲ್ಲ, ಯಾರಾದರೂ ಪತ್ರೊಡೆ ತಂದೇ ತರುತ್ತಾರೆ.

ಪುಸ್ತಕಕ್ಕೆ ಜಾಸ್ತಿ ದುಡ್ಡು ಬೇಡ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಬೇಕಾದಷ್ಟಿವೆ. ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು, ಅದಕ್ಕೆ ಅನುಮತಿ ಕೊಟ್ಟೇ ಇಟ್ಟಿದ್ದಾರೆ. ಅಲ್ಲಿ ಪುಸ್ತಕಗಳನ್ನು ಓದಲು ಎಷ್ಟು ಸುಲಭ ಅಂತ ನೋಡಿ ಹಂತ ಮಾಡಿದ್ದಾರೆ; ತಡವರಿಸುವ ಮಕ್ಕಳಿಗೆ ಮೊದಲನೇ ಹಂತದ್ದನ್ನೇ ಕೊಡಿ, ವಯಸ್ಸು ನೋಡಬೇಡಿ. ನಡುವೆ ಪದ್ಯ ಬೇಕಾದರೆ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಇದ್ದಾರಲ್ವಾ? ಪೆರಡಾಲದಲ್ಲಿ ಮೇಷ್ಟ್ರಾಗಿದ್ದವರು, ಮಕ್ಕಳಿಗೂ ಬರೆದವರು. ಅವರ ಪಾಠ ಕೇಳಿದ ಹಿರಿಯರು ನಿಮ್ಮ ನೆರೆಕರೆಯಲ್ಲೇ ಸಿಗಬಹುದು. ಅವರನ್ನೂ ಕರೆದು ಚಾಪೆಯಲ್ಲೇ ಕೂರಿಸಿ. ಮಂಡಿನೋವು ಇದ್ದರೆ ಒಂದು ಕುರ್ಚಿ ಹಾಕಿ, ಆದರೆ ಶಾಲು ಹೊದಿಸಲು ಹೋಗಬೇಡಿ. ಶಾಲು ಬಂದರೆ ಮೈಕೂ ಬರುತ್ತದೆ.