ತೋಟ ಬಿಟ್ಟು ಓದಬೇಕಾ, ತೋಟದಲ್ಲಿದ್ದೇ ಓದಬೇಕಾ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ನಾನು ಗೋಣಿಕೊಪ್ಪಲು ಹತ್ತಿರದವಳು. ವಯಸ್ಸು 36. ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮನೆಗೆ ಆರು ಎಕರೆ ಕಾಫಿ ಇದೆ. ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಅಂತಾರಾಷ್ಟ್ರೀಯ ಸಾರ್ವಜನಿಕ ನೀತಿಯ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಪಾರ್ಟ್ ಟೈಮ್, ಆನ್‌ಲೈನ್, ಎರಡು ವರ್ಷ. ಬೆಂಗಳೂರಿನಲ್ಲಿರುವ ಅಣ್ಣ, ‘ಓದುವುದಾದರೆ ಕೆಲಸ ಬಿಟ್ಟು ಓದು, ಅರ್ಧಂಬರ್ಧ ಓದು ಓದೇ ಅಲ್ಲ’ ಅನ್ನುತ್ತಾನೆ. ಅತ್ತೆ, ‘ತೋಟ ನೋಡಿಕೊಳ್ಳುವವಳಿಗೆ ಹೊರದೇಶದ ನೀತಿ ಯಾಕಮ್ಮ’ ಅನ್ನುತ್ತಾರೆ. ನೀವೇನಂತೀರಿ? (ಹೆಸರು ಹಾಕಬೇಡಿ.)

ಸಂಪಾದಕರ ಉತ್ತರ: ಸೀಟು ತೆಗೆದುಕೊಂಡ ಮೇಲೆ ಅಭಿಪ್ರಾಯ ಕೇಳಿದ್ದೀರಿ. ಇದು ನಮ್ಮ ಕೊಡಗಿನ ಹೆಣ್ಣುಮಕ್ಕಳ ಹಳೆಯ ಉಪಾಯ. ನಾನು ಬೇಡ ಅಂದರೂ ನೀವು ಓದುತ್ತೀರಿ. ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ.

ನಿಮ್ಮ ಅಣ್ಣ ಹೇಳಿದ್ದರಲ್ಲೂ ಸತ್ಯ ಇದೆ. ಪೂರ್ತಿ ಹೊತ್ತು ಓದುವವರಿಗೆ ಲೈಬ್ರರಿ ಪಕ್ಕದಲ್ಲೇ ಇರುತ್ತದೆ, ಮೇಷ್ಟರು ಕಾರಿಡಾರಿನಲ್ಲಿ ಸಿಗುತ್ತಾರೆ, ಜೊತೆಗೆ ಓದಿದವರು ಮುಂದೆ ದೊಡ್ಡ ಜಾಗಗಳಲ್ಲಿ ಕೂರುತ್ತಾರೆ. ಇದೆಲ್ಲ ಸರಿ. ಆದರೆ ‘ಅರ್ಧಂಬರ್ಧ ಓದು’ ಅಂದರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಲಂಡನ್ ವಿಶ್ವವಿದ್ಯಾಲಯ 1858ರಲ್ಲೇ ತನ್ನ ಪರೀಕ್ಷೆಯನ್ನು ಹೊರಗಿನವರಿಗೂ ತೆರೆಯಿತು. ಕಾಲೇಜಿಗೆ ಹೋಗದವರೂ ಓದಿಕೊಂಡು ಪರೀಕ್ಷೆ ಕಟ್ಟಬಹುದಾಯಿತು. ಸಿಡ್ನಿ ವೆಬ್ ಅಂತ ಒಬ್ಬರಿದ್ದರು. ಹಗಲು ಆಫೀಸಿನಲ್ಲಿ ಗುಮಾಸ್ತಿಕೆ, ಸಂಜೆ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಪಾಠ. ಹೀಗೆ ಓದಿದ ಮನುಷ್ಯ 1895ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರಲ್ಲಿ ಒಬ್ಬ. ಇವತ್ತು ಸಾರ್ವಜನಿಕ ನೀತಿ ಓದಬೇಕು ಅನ್ನುವ ಹುಡುಗರೆಲ್ಲ ಆಸೆಪಡುವ ಶಾಲೆ ಅದು. ಅಲ್ಲೇ ಓದುತ್ತಿದ್ದ ಅಂಬೇಡ್ಕರ್ ಅವರಿಗೆ 1917ರಲ್ಲಿ ವಿದ್ಯಾರ್ಥಿವೇತನ ಮುಗಿದು ವಾಪಸ್ ಬರಬೇಕಾಯಿತು. ಬಾಂಬೆಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಹಣ ಕೂಡಿಸಿಕೊಂಡು 1920ರಲ್ಲಿ ಮತ್ತೆ ಹೋದರು. 1923ರಲ್ಲಿ ಡಿ.ಎಸ್‌ಸಿ. ಅನ್ನುವ ಡಾಕ್ಟರೇಟ್ ಪಡೆದರು. ಅವರು ಬರೆದದ್ದು ರೂಪಾಯಿಯ ಸಮಸ್ಯೆಯ ಬಗ್ಗೆ. ರೂಪಾಯಿಗೆ ಪರದಾಡಿದವರು ಬರೆದ ಪ್ರಬಂಧ ಅದು! ಅಣ್ಣನಿಗೆ ಇದನ್ನು ಓದಿ ಹೇಳಿ.

ಇನ್ನು ಅತ್ತೆಯವರ ಪ್ರಶ್ನೆ. ಇದು ಅಣ್ಣನ ಮಾತಿಗಿಂತ ಒಳ್ಳೆಯ ಪ್ರಶ್ನೆ.

ನಿಮ್ಮ ತೋಟದ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೀರಿ ತಾನೆ? ಕೆಲವು ವರ್ಷದ ಹಿಂದೆ ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಬಂದು ನಮ್ಮ ಬೆಲೆ ಬಿದ್ದಾಗ ಊರೆಲ್ಲ ಗಲಾಟೆ ಆಯಿತು. ಯಾಕೆ ಬಂತು? ಶ್ರೀಲಂಕಾದ ಜೊತೆ ಭಾರತ 1998ರಲ್ಲಿ ಮಾಡಿಕೊಂಡ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಸುಂಕದ ರಿಯಾಯಿತಿ ಇತ್ತು. ಸರಕು ಅಲ್ಲೇ ಬೆಳೆದದ್ದು ಅಂತ ಒಂದು ಪ್ರಮಾಣಪತ್ರ ತೋರಿಸಿದರೆ ಆಯಿತು. ಎಲ್ಲ ಆಟ ಆ ಒಂದು ಕಾಗದದಲ್ಲಿತ್ತು. ಕೊನೆಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ, ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸನ್ನು ಆಮದು ಮಾಡಿಕೊಳ್ಳಬಾರದು ಎಂದಿತು. ನಿಮ್ಮ ಕೋರ್ಸಿನಲ್ಲಿ ಇದು ‘ಮೂಲದೇಶ ನಿಯಮ’ ಅನ್ನುವ ಒಣ ಪಾಠವಾಗಿ ಬರುತ್ತದೆ. ಲಂಡನ್ನಿನ ಸಹಪಾಠಿ ಅದನ್ನು ಬಾಯಿಪಾಠ ಮಾಡಬೇಕು. ನಿಮಗೆ ಸಂಘದ ಸಾಲದ ಖಾತೆ ನೋಡಿದರೆ ಸಾಕು. ಆ ವರ್ಷ ಯಾರ ಕಂತು ನಿಂತಿತು ಅಂತ ಗೊತ್ತಾಗುತ್ತದೆ.

ಕಾಫಿ ಕಥೆಯೂ ಅಷ್ಟೇ. 1962ರಲ್ಲಿ ಬೆಳೆಯುವ ದೇಶಗಳೂ ಕೊಳ್ಳುವ ದೇಶಗಳೂ ಸೇರಿ, ಯಾರು ಎಷ್ಟು ಮಾರಬೇಕು ಅಂತ ಕೋಟಾ ಹಾಕಿಕೊಂಡವು. 1989ರ ಜುಲೈನಲ್ಲಿ ಕೋಟಾ ಮುರಿದುಬಿತ್ತು, ಬೆಲೆ ನೆಲಕಚ್ಚಿತು. ಇವತ್ತು ಗೋಣಿಕೊಪ್ಪಲಿನ ವ್ಯಾಪಾರಿ ಬೆಳಿಗ್ಗೆ ಬೋರ್ಡಿನ ಮೇಲೆ ರೋಬಸ್ಟಾ ಚೆರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ) 50 ಕಿಲೋ ಮೂಟೆಗೆ ಬರೆಯುವ ಬೆಲೆ ಹಿಂದಿನ ದಿನ ಲಂಡನ್ ಮಾರುಕಟ್ಟೆಯಲ್ಲಿ ಹುಟ್ಟಿದ್ದು. ಹೊರದೇಶದ ನೀತಿ ನಿಮ್ಮ ಕಣದಲ್ಲೇ ಒಣಗುತ್ತಿದೆ ಅಂತ ಅತ್ತೆಗೆ ಹೇಳಿ.

ಈಗ ಹೊಸದು ಬಂದಿದೆ. ಯುರೋಪಿನ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಬರುವಂತಿಲ್ಲ. ಜಾರಿಯ ದಿನ ಎರಡು ಸಲ ಮುಂದಕ್ಕೆ ಹೋಗಿದೆ, ಅದು ಬೇರೆ ಮಾತು. ಪ್ರತಿ ತೋಟದ ಜಾಗವನ್ನು ನಕ್ಷೆಯಲ್ಲಿ ತೋರಿಸಬೇಕು. ನಿಮ್ಮ ಆರು ಎಕರೆಗೆ ಒಂದು ಬಿಂದು ಸಾಕು, 4 ಹೆಕ್ಟೇರ್ ದಾಟಿದವರು ಗಡಿಯನ್ನೇ ಗೆರೆ ಎಳೆದು ಕೊಡಬೇಕು. ಆ ಕಾನೂನಿನ ಪ್ರಕಾರ ಅರ್ಧ ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಐದು ಮೀಟರಿಗಿಂತ ಎತ್ತರದ ಮರಗಳಿದ್ದು, ಅವುಗಳ ನೆರಳು ನೂರಕ್ಕೆ ಹತ್ತು ಪಾಲಿಗಿಂತ ಜಾಸ್ತಿ ಇದ್ದರೆ ಅದು ಕಾಡು. ಕೃಷಿ ಭೂಮಿಗೆ ವಿನಾಯಿತಿ ಇದೆ. ಆದರೆ ಬಳಂಜಿ, ಹಲಸು, ಸಿಲ್ವರ್ ಓಕ್ ತುಂಬಿದ ನಮ್ಮ ತೋಟ ಆಕಾಶದಿಂದ ನೋಡಿದರೆ ಹೇಗೆ ಕಾಣುತ್ತದೆ? ಕಾಡಿನ ಹಾಗೇ ಅಲ್ವಾ? ಮರ ಕಪಾತು ಮಾಡಿದ, ಅಂದರೆ ಬೆಳಕು ಬೀಳಲು ಕೊಂಬೆ ಸವರಿದ, ವರ್ಷದ ಫೋಟೋವನ್ನೂ ಅದರ ಹಿಂದಿನ ವರ್ಷದ್ದನ್ನೂ ಪಕ್ಕದಲ್ಲಿಟ್ಟರೆ, ಕಪಾತು ಅಂದರೇನೆಂದು ಗೊತ್ತಿಲ್ಲದವರು ಕಾಡು ಕಡಿದಿದ್ದಾರೆ ಅಂದುಕೊಳ್ಳಬಹುದು. ಇದನ್ನು ಬ್ರಸೆಲ್ಸ್‌ನಲ್ಲಿ ಕೂತ ಒಕ್ಕೂಟದ ಅಧಿಕಾರಿಗಳಿಗೆ ಅರ್ಥ ಆಗುವ ಭಾಷೆಯಲ್ಲಿ ಯಾರು ಬರೆಯಬೇಕು? ನೆರಳಿನಲ್ಲಿ ನಿಂತು ಕಪಾತು ಮಾಡಿಸಿದವರೇ ಬರೆಯಬೇಕು.

ನನ್ನ ಹೊಟ್ಟೆಯುರಿ ಇಲ್ಲೇ ಇರುವುದು. ಕೊಡಗಿನ ಬಗ್ಗೆ ವರದಿ ಬರೆಯುವವರೆಲ್ಲ ಹೊರಗಿನವರು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ಎಷ್ಟೋ ತಂಡಗಳು ಸಮೀಕ್ಷೆಗೆ ಬಂದವು. ಒಂದು ತಂಡದ ಜೊತೆ ನಾನೂ ಹೋಗಿದ್ದೆ. ಫಾರಂ ಇಂಗ್ಲಿಷಿನಲ್ಲಿತ್ತು. ಮನೆ ಸ್ವಂತದ್ದೋ, ಬಾಡಿಗೆಯದೋ, ಎರಡೇ ಚೌಕ. ಎದುರಿಗೆ ನಿಂತಿದ್ದ ಹೆಂಗಸು ತೋಟದ ಲೈನ್ ಮನೆಯವಳು. ಬಾಡಿಗೆ ಕೊಡುವುದಿಲ್ಲ, ಸ್ವಂತದ್ದೂ ಅಲ್ಲ. ಕೆಲಸ ಇರುವ ತನಕ ಮನೆ. ಹುಡುಗ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ‘ಬಾಡಿಗೆ’ಗೆ ಟಿಕ್ ಹಾಕಿದ. ‘ಎಷ್ಟು ಬಾಡಿಗೆ’ ಅನ್ನುವಲ್ಲಿ ಸೊನ್ನೆ ಬರೆದ. ಆ ಸೊನ್ನೆ ಮುಂದೆ ಯಾವ ಕೋಷ್ಟಕದಲ್ಲಿ ಕೂತು ಯಾವ ಸರಾಸರಿಯನ್ನು ಕೆಡಿಸಿತೋ!

ಪಶ್ಚಿಮ ಘಟ್ಟದ ವರದಿಗಳ ವಿಷಯದಲ್ಲಿ ನಾವೂ ಕಮ್ಮಿ ಇಲ್ಲ. 2011ರಲ್ಲಿ ಗಾಡ್ಗೀಳ್ ವರದಿ, 2013ರಲ್ಲಿ ಕಸ್ತೂರಿರಂಗನ್ ವರದಿ. ಆಮೇಲೆ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಕರಡು ಅಧಿಸೂಚನೆಗಳು ಒಂದರ ಹಿಂದೆ ಒಂದು, 2024ರ ಜುಲೈ 31ರದ್ದು ಆರನೆಯದು. ಆಕ್ಷೇಪಣೆಗೆ 60 ದಿನ. ನಾವೇನು ಮಾಡಿದೆವು? ಬೈದವರೂ ಓದಲಿಲ್ಲ, ಹೊಗಳಿದವರೂ ಓದಲಿಲ್ಲ. ಬಂದ್ ಮಾಡಲು ಜನ ಸೇರುತ್ತಾರೆ. ಕೂತು ನಾಲ್ಕು ಪುಟದ ಆಕ್ಷೇಪಣೆ ಬರೆಯಲು ಒಬ್ಬರೂ ಸಿಗುವುದಿಲ್ಲ. ಓದಿದ ಮಕ್ಕಳನ್ನೆಲ್ಲ ಬೆಂಗಳೂರಿಗೆ ಕಳಿಸಿ, ಹುತ್ತರಿ ಸುಗ್ಗಿ ಹಬ್ಬಕ್ಕೆ ಬಂದಾಗ ಫೋಟೋ ತೆಗೆದು ಕಳಿಸುತ್ತೇವೆ. ಓದು ಅಂದರೆ ಊರು ಬಿಡುವುದು ಅಂತ ಮಾಡಿಟ್ಟವರು ನಾವೇ ತಾನೆ?

ಅಂತಾರಾಷ್ಟ್ರೀಯ ಅಂದರೆ ನಮಗೆ ಹೊಸದೇನೂ ಅಲ್ಲ. ಮಡಿಕೇರಿಯ ಸನ್ನಿಸೈಡ್ ಈಗ ಮ್ಯೂಸಿಯಂ. ಆ ಮನೆಯ ಜನರಲ್ ತಿಮ್ಮಯ್ಯ 1953ರಲ್ಲಿ ಕೊರಿಯಾದಲ್ಲಿ ಐದು ದೇಶಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದರು. ಊರಿಗೆ ಹೋಗಲ್ಲ ಅಂದ ಸಾವಿರಾರು ಯುದ್ಧ ಕೈದಿಗಳನ್ನು ಏನು ಮಾಡಬೇಕು ಅನ್ನುವುದು ಅವರ ಮುಂದಿದ್ದ ಪ್ರಶ್ನೆ. ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಗೆ ದಂಡನಾಯಕರಾಗಿ, 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ನಾವು ಪ್ರತಿಮೆಗೆ ಹಾರ ಹಾಕುತ್ತೇವೆ. ಅವರು ಆ ಕೈದಿಗಳ ವಿಷಯದಲ್ಲಿ ಏನು ತೀರ್ಮಾನ ಮಾಡಿದರು ಅಂತ ಯಾವ ಶಾಲೆಯ ಮಕ್ಕಳನ್ನಾದರೂ ಕೇಳಿ ನೋಡಿ.

ಇರಲಿ, ಎಲ್ಲಿಗೋ ಹೋದೆ. ಕೆಲಸಕ್ಕೆ ಬರುವ ನಾಲ್ಕು ಮಾತು. ಫೀಸು ಕಟ್ಟುವ ಮೊದಲು ಪದವಿಯ ಮಾನ್ಯತೆ ವಿಚಾರಿಸಿ. ಹೊರದೇಶದ ಆನ್‌ಲೈನ್ ಪದವಿಗೆ ಇಲ್ಲಿ ಸಮಾನತಾ ಪತ್ರ (ಇಲ್ಲಿನ ಪದವಿಗೆ ಸಮ ಅನ್ನುವ ಪ್ರಮಾಣಪತ್ರ) ಸುಲಭವಾಗಿ ಸಿಗುವುದಿಲ್ಲ, ಬಡ್ತಿಗಾಗಿ ಓದುವುದಾದರೆ ಇದು ಮುಖ್ಯ. ಲಂಡನ್ನಿನಲ್ಲಿ ಸಂಜೆ ಆರಕ್ಕೆ ಕ್ಲಾಸ್ ಅಂದರೆ ನಮಗೆ ಚಳಿಗಾಲದಲ್ಲಿ ರಾತ್ರಿ ಹನ್ನೊಂದೂವರೆ. ರೆಕಾರ್ಡಿಂಗ್ ನೋಡಿದರೆ ಹಾಜರಿ ಸಿಗುತ್ತದಾ ಕೇಳಿ. ಜನವರಿಯಲ್ಲಿ ಪ್ರಬಂಧ ಕೊಡುವ ಗಡುವು ಇದ್ದರೆ ನಿಮ್ಮ ರೋಬಸ್ಟಾ ಕೊಯ್ಲೂ ಆಗಲೇ. ಅಂಥ ವಿಷಯಗಳನ್ನು ಎರಡು ವರ್ಷಕ್ಕೆ ಹಂಚಿಕೊಳ್ಳಿ. ಜೂನ್‌ನಿಂದ ತೋಟದ ಕೆಲಸ ಕಡಿಮೆ, ಆದರೆ ಕರೆಂಟೂ ಕಡಿಮೆ. ಓದಬೇಕಾದ್ದನ್ನೆಲ್ಲ ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಿ, ಇನ್ವರ್ಟರ್ ಬ್ಯಾಟರಿ ಬದಲಾಯಿಸಿ.

ಕೊನೆಯ ದೊಡ್ಡ ಪ್ರಬಂಧಕ್ಕೆ ಹವಾಮಾನ, ಶಾಂತಿ ಅಂತ ಭಾರೀ ವಿಷಯ ಹಿಡಿಯಬೇಡಿ. ನಿಮ್ಮ ಸಂಘದ ಸಣ್ಣ ಬೆಳೆಗಾರರು ಆ ಯುರೋಪಿನ ಕಾನೂನಿಗೆ ಹೇಗೆ ತಯಾರಾಗುತ್ತಿದ್ದಾರೆ ಅಂತ ಬರೆಯಿರಿ. ಮುಗಿದ ಮೇಲೆ ಅದರ ಕನ್ನಡ ಸಾರಾಂಶ ನಮಗೆ ಕಳಿಸಿ. ಗೌರವಧನ ಕೊಡುವ ತಾಕತ್ತು ಈ ಪತ್ರಿಕೆಗಿಲ್ಲ, ಪುಟ ಎಷ್ಟು ಬೇಕಾದರೂ ಕೊಡುತ್ತೇವೆ.

— ಸಂ.