10×10 ಅಡಿ ಕೋಣೆಯ ಡಬ್ಬಿ ದನಿಗೆ

ಹಾಡು ರೆಕಾರ್ಡ್ ಮಾಡುವ ಕೋಣೆಯ ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದರೂ ದನಿ ಡಬ್ಬಿಯೊಳಗಿಂದ ಬಂದಂತಿದೆ ಎಂದಿದ್ದೀರಿ. ಕಾರಣ ಬಹುತೇಕ ಕೋಣೆಯ ಚೌಕಾಕಾರವೇ. ಉದ್ದ, ಅಗಲ ಎರಡೂ ಹತ್ತಡಿ ಇರುವಾಗ ಸುಮಾರು 56 ಹಾಗೂ 113 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಅಷ್ಟು ಕಂಪನ) ಅನುರಣನ, ಅಂದರೆ ಎದುರುಬದುರು ಗೋಡೆಗಳ ನಡುವೆ ದನಿ ಪುಟಿದು ಬಲಗೊಳ್ಳುವುದು, ಒಂದರ ಮೇಲೊಂದು ಬಿದ್ದು ಉಬ್ಬುತ್ತದೆ. ಗಂಡು ದನಿಯ ಮಂದ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ತೆಳು ಟ್ರೇಗೆ ಅದು ಬಗ್ಗುವುದಿಲ್ಲ. ಬೇಗ ಬೆಂಕಿ ಹಿಡಿಯುವ ವಸ್ತು ಬೇರೆ, ದಯವಿಟ್ಟು ಮೊದಲು ಅವನ್ನು ಕಿತ್ತುಹಾಕಿ.

ನಂತರ 4 ಇಂಚು ದಪ್ಪದ ರಾಕ್‌ವೂಲ್ (ಕಲ್ಲಿನ ಎಳೆಗಳಿಂದ ಮಾಡಿದ, ದನಿ ಹೀರುವ ವಸ್ತು) ಹಲಗೆಗಳನ್ನು ಮರದ ಚೌಕಟ್ಟಿಗೆ ಕೂರಿಸಿ, ಹತ್ತಿ ಬಟ್ಟೆ ಹೊದಿಸಿ, ನಾಲ್ಕೂ ಮೂಲೆಗಳಿಗೆ ಅಡ್ಡಲಾಗಿ ನಿಲ್ಲಿಸಿ. ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬೇಡಿ, ಎಳೆಗಳು ಚರ್ಮಕ್ಕೆ ಚುಚ್ಚುತ್ತವೆ. ಮೈಕನ್ನು ನಟ್ಟನಡುವೆ ಇಡದೆ, ಹತ್ತಿರದ ಎರಡೂ ಗೋಡೆಗಳಿಂದ ಎರಡೂವರೆ ಅಡಿಗೆ ಸರಿಸಿ. ಚಪ್ಪಾಳೆ ತಟ್ಟಿದಾಗ ಇನ್ನೂ ಟಣ್ಣೆಂದರೆ, ಹಾಡುವವರ ಬೆನ್ನ ಹಿಂದೆ ದಪ್ಪ ಕೌದಿ ಇಳಿಬಿಡಿ. ಚಾವಣಿಯ ಎತ್ತರವೂ ಹತ್ತಡಿಯೇ ಆಗಿದ್ದರೆ ತಲೆಯ ಮೇಲೂ ಒಂದು ಹಲಗೆ ಬೇಕಾಗಬಹುದು, ಅಳೆದು ನೋಡಿ.