ಬಾರ್ಸಿಲೋನಾದಲ್ಲಿ 41ರಲ್ಲಿ ಬರೀ 10 ಸೀಟು ಗೆದ್ದವರು ಮೇಯರ್ ಆಗಿದ್ದು ಹೇಗೆ?

ನೀವು ಒಂದೇ ಪ್ರಶ್ನೆಯಲ್ಲಿ ಮೂರು ಕೇಳಿದ್ದೀರಿ. 2023ರಲ್ಲಿ ಬಾರ್ಸಿಲೋನಾದಲ್ಲಿ ಎರಡನೇ ಸ್ಥಾನಕ್ಕೆ ಬಂದ ಪಕ್ಷದವರು ಮೇಯರ್ ಆದದ್ದು ಹೇಗೆ, ಸ್ಪೇನಿನ ಮೇಯರ್‌ಗೆ ನಿಜವಾಗಿ ಅಧಿಕಾರ ಇದೆಯೋ ಇಲ್ಲ ನಮ್ಮ ಬೆಂಗಳೂರಿನ ಹಾಗೆ ಗೌನು ತೊಟ್ಟು ಫೋಟೊಗೆ ನಿಲ್ಲುವುದಷ್ಟೆಯೋ, ಮತ್ತೆ ಅಲ್ಲಿರುವ ನಮ್ಮವರು ಓಟು ಹಾಕಬಹುದೋ. ನಾನು ಈ ಊರಿಗೆ ಬಂದು ಒಂಬತ್ತು ವರ್ಷ ಆಯಿತು, ಎರಡು ನಗರಸಭೆ ಚುನಾವಣೆ ನೋಡಿದ್ದೇನೆ. ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ವಾರ್ಡ್ ಅನ್ನುವುದನ್ನು ತಲೆಯಿಂದ ತೆಗೆದುಬಿಡಿ. ಬಾರ್ಸಿಲೋನಾದಲ್ಲಿ 10 ಜಿಲ್ಲೆಗಳಿವೆ, ಆದರೆ ಅವು ಆಡಳಿತದ ಅನುಕೂಲಕ್ಕೆ. ಚುನಾವಣೆಗೆ ಇಡೀ ಊರೇ ಒಂದು ಕ್ಷೇತ್ರ. ‘ನಮ್ಮ ಏರಿಯಾ ಕಾರ್ಪೊರೇಟರ್’ ಅಂತ ಯಾರೂ ಇಲ್ಲ. ನಾಲ್ಕು ವರ್ಷಕ್ಕೊಮ್ಮೆ, ಮೇ ತಿಂಗಳ ನಾಲ್ಕನೇ ಭಾನುವಾರ, ದೇಶದ ಎಂಟು ಸಾವಿರಕ್ಕೂ ಹೆಚ್ಚು ಊರುಗಳಲ್ಲಿ ಒಂದೇ ದಿನ ಓಟು ನಡೆಯುತ್ತದೆ. ಪ್ರತಿ ಪಕ್ಷಕ್ಕೂ ಬೇರೆ ಬೇರೆ ಚೀಟಿ. ಅದರಲ್ಲಿ ಆ ಪಕ್ಷದ ಎಲ್ಲ ಅಭ್ಯರ್ಥಿಗಳ ಹೆಸರು ಒಂದರ ಕೆಳಗೊಂದು ಅಚ್ಚಾಗಿರುತ್ತದೆ. ನಿಮಗೆ ಬೇಕಾದ ಪಕ್ಷದ ಚೀಟಿ ತೆಗೆದುಕೊಂಡು ಬಿಳಿ ಲಕೋಟೆಗೆ ಹಾಕಿ ಪೆಟ್ಟಿಗೆಗೆ ಬಿಡಬೇಕು, ಅಷ್ಟೆ. ಹೆಸರು ಹೊಡೆದುಹಾಕುವುದು, ಗೀಚುವುದು, ಕ್ರಮ ಬದಲಿಸುವುದು ನಡೆಯುವುದಿಲ್ಲ. ಹಾಗೆ ಮಾಡಿದರೆ ಓಟು ಕುಲಗೆಡುತ್ತದೆ.

ಚುನಾವಣೆಗೆ ಮುಂಚೆ ಪಕ್ಷಗಳೇ ಈ ಚೀಟಿ-ಲಕೋಟೆಗಳನ್ನು ಅಂಚೆಯಲ್ಲಿ ಮನೆಗೆ ಕಳಿಸುತ್ತವೆ. ನಮ್ಮ ಕಟ್ಟಡದ ಅಂಚೆಡಬ್ಬಿಗಳು ಆ ಎರಡು ವಾರ ಬಾಯಿ ತೆರೆದುಕೊಂಡೇ ಇರುತ್ತವೆ. ತುಂಬಾ ಜನ ಊಟದ ಮೇಜಿನ ಮೇಲೆಯೇ ಮಡಚಿ ಅಂಟಿಸಿಕೊಂಡು ಹೋಗುತ್ತಾರೆ. ಮತಗಟ್ಟೆ ನಡೆಸುವವರು ಸರ್ಕಾರಿ ನೌಕರರಲ್ಲ, ಊರವರ ಹೆಸರು ಚೀಟಿ ಎತ್ತಿ ಮೂವರನ್ನು ಕೂರಿಸುತ್ತಾರೆ. 2023ರಲ್ಲಿ ನಮ್ಮ ಮೇಲಿನ ಮಹಡಿಯ ಹುಡುಗಿಯ ಹೆಸರು ಬಂದಿತ್ತು. ಆಗಲ್ಲ ಅನ್ನುವ ಹಾಗಿಲ್ಲ, ಸಬೂಬು ಒಪ್ಪಿಗೆಯಾಗದಿದ್ದರೆ ಕೇಸು ಬೀಳುತ್ತದೆ. ಪಾಪ, ಬೆಳಿಗ್ಗೆ ಎಂಟಕ್ಕೆ ಹೋದವಳು, ರಾತ್ರಿ ಎಂಟಕ್ಕೆ ಬಾಗಿಲು ಹಾಕಿ, ಪಾರದರ್ಶಕ ಪೆಟ್ಟಿಗೆಯನ್ನು ಪಕ್ಷದ ಏಜೆಂಟರ ಎದುರು ಮೇಜಿನ ಮೇಲೆ ಸುರಿದು, ಒಂದೊಂದೇ ಲಕೋಟೆ ಬಿಡಿಸಿ ಎಣಿಸಿ ಮನೆಗೆ ಬರುವಾಗ ಮಧ್ಯರಾತ್ರಿ. ಅದಕ್ಕೆ ಕೊಟ್ಟದ್ದು 70 ಯೂರೊ.

ಇನ್ನು ಓಟು ಸೀಟಾಗುವುದು ಹೇಗೆ. ಸಿಂಧುವಾದ ಓಟಿನಲ್ಲಿ ಶೇ. 5 ಸಿಗದ ಪಕ್ಷ ಅಲ್ಲಿಗೇ ಔಟ್. ಉಳಿದವರಿಗೆ ಡಿ'ಒಂಟ್ ಎಂಬ ಲೆಕ್ಕ. ಹೆಸರು ಕೇಳಿ ಹೆದರಬೇಡಿ, ಪ್ರೈಮರಿ ಸ್ಕೂಲಿನ ಭಾಗಾಕಾರ. 7 ಸೀಟಿನ ಒಂದು ಹಳ್ಳಿ ಇಟ್ಟುಕೊಳ್ಳಿ. ಮೂರು ಪಟ್ಟಿಗಳಿಗೆ 300, 180, 120 ಓಟು ಬಂದಿದೆ. ಪ್ರತಿಯೊಂದನ್ನೂ 1, 2, 3, 4 ಹೀಗೆ ಭಾಗಿಸುತ್ತಾ ಹೋಗಿ. ಮೊದಲನೆಯದಕ್ಕೆ 300, 150, 100, 75. ಎರಡನೆಯದಕ್ಕೆ 180, 90, 60. ಮೂರನೆಯದಕ್ಕೆ 120, 60. ಈ ಎಲ್ಲದರಲ್ಲಿ ದೊಡ್ಡ ಏಳು ಸಂಖ್ಯೆ ಆರಿಸಿದರೆ ಸೀಟು 4, 2, 1. ಅರ್ಧ ಓಟಿಗೆ ಅರ್ಧಕ್ಕಿಂತ ಹೆಚ್ಚು ಸೀಟು ಬಂತು ನೋಡಿ. ದೊಡ್ಡವರಿಗೆ ಸ್ವಲ್ಪ ತುಪ್ಪ ಜಾಸ್ತಿ ಬಡಿಸುವ ಲೆಕ್ಕ ಇದು. ಸೀಟು ಎಷ್ಟು ಬಂತೋ, ಪಟ್ಟಿಯ ಮೇಲಿನಿಂದ ಅಷ್ಟು ಜನ ಒಳಗೆ. ಹಾಗಾಗಿ ಪಟ್ಟಿಯಲ್ಲಿ ಯಾರು ಎಷ್ಟನೆಯವರು ಎಂಬ ನಿಜವಾದ ಜಗಳ ಪಕ್ಷದ ಕಚೇರಿಯಲ್ಲೇ ಮುಗಿದಿರುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ. ಭಾನುವಾರ ಜನ ಆರಿಸುವುದು ಕಾರ್ಪೊರೇಟರ್‌ಗಳನ್ನು. ಮೇಯರ್ ಆಯ್ಕೆ 20 ದಿನ ಬಿಟ್ಟು, ಒಂದು ಶನಿವಾರ. ಅವತ್ತು ಹೊಸ ಸದಸ್ಯರಲ್ಲಿ ಅತಿ ಹಿರಿಯರು ಮತ್ತು ಅತಿ ಕಿರಿಯರು ಸೇರಿ ಸಭೆ ನಡೆಸುತ್ತಾರೆ (ಇದು ನನಗೆ ಬಹಳ ಇಷ್ಟವಾದ ಪದ್ಧತಿ). ಪಟ್ಟಿಯ ಮೊದಲ ಹೆಸರಿನವರು ಮಾತ್ರ ಉಮೇದುವಾರರು. ಒಂದೇ ಸುತ್ತು. ಯಾರಿಗಾದರೂ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಬಂದರೆ ಅವರೇ ಮೇಯರ್. ಯಾರಿಗೂ ಬರದಿದ್ದರೆ ಎರಡನೇ ಸುತ್ತಿಲ್ಲ, ಮುಂದೂಡಿಕೆ ಇಲ್ಲ, ಆಡಳಿತಾಧಿಕಾರಿ ನೇಮಕವೂ ಇಲ್ಲ. ಜನರ ಓಟು ಅತಿ ಹೆಚ್ಚು ಪಡೆದ ಪಟ್ಟಿಯ ಮೊದಲಿಗರು ಅಲ್ಲೇ, ಆಗಲೇ ಮೇಯರ್. ಕುರ್ಚಿ ಒಂದು ದಿನವೂ ಖಾಲಿ ಇರಬಾರದು ಎಂದು ಹಟ ಹಿಡಿದು ಬರೆದ ಕಾನೂನು ಇದು. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದ್ದನ್ನು ನೋಡಿದ ನನಗೆ ಈ ಒಂದು ಸಾಲು ಹೊಟ್ಟೆಕಿಚ್ಚು ತರಿಸುತ್ತದೆ.

2023ರ ಮೇ 28ರ ಫಲಿತಾಂಶ ಹೀಗಿತ್ತು: ಹಿಂದೆ 2011ರಿಂದ 2015ರವರೆಗೆ ಮೇಯರ್ ಆಗಿದ್ದ ಶಾವಿಯೆ ತ್ರಿಯಾಸ್ ಅವರ ಪಟ್ಟಿಗೆ 11, ಸಮಾಜವಾದಿಗಳ ಜಾವುಮೆ ಕೊಲ್ಬೊನಿಗೆ 10, ಆಗಿನ ಮೇಯರ್ ಅದಾ ಕೊಲಾವು ಅವರ ಎಡಪಂಥೀಯ ಕೂಟಕ್ಕೆ 9, ಕತಲೋನಿಯಾ ಸ್ಪೇನಿನಿಂದ ಬೇರೆಯಾಗಬೇಕು ಎನ್ನುವ ಇಆರ್‌ಸಿ ಪಕ್ಷಕ್ಕೆ 5, ಬಲಪಂಥೀಯ ಪಿಪಿಗೆ 4, ಕಟ್ಟಾ ಬಲಪಂಥೀಯ ವೋಕ್ಸ್‌ಗೆ 2. ಬೇಕಾದದ್ದು 21. ತ್ರಿಯಾಸ್ ಜೊತೆ ಇಆರ್‌ಸಿ ಸೇರಿದರೂ 16. ಆದರೆ ಅವರಿಗೆ 21 ಬೇಕಾಗಿಯೇ ಇರಲಿಲ್ಲ, ಬೇರೆ ಯಾರಿಗೂ 21 ಆಗದಿದ್ದರೆ ಸಾಕಿತ್ತು. ಜೂನ್ 17ರ ಬೆಳಿಗ್ಗೆ ಕೂಡ ಊರೆಲ್ಲ ತ್ರಿಯಾಸ್ ಅವರೇ ಅಂದುಕೊಂಡಿತ್ತು. ನಾನು ಟಿವಿ ಮುಂದೆ ಕಾಫಿ ಹಿಡಿದು ಕೂತಿದ್ದೆ. 14ನೇ ಶತಮಾನದ ಸಭಾಂಗಣ, ‘ನೂರು ಜನರ ಚಾವಡಿ’ ಎಂದು ಅದರ ಹೆಸರು, ಒಬ್ಬೊಬ್ಬರೇ ಬಂದು ಪೆಟ್ಟಿಗೆಗೆ ಚೀಟಿ ಹಾಕಿದರು. ಎಣಿಸಿದಾಗ ಕೊಲ್ಬೊನಿಗೆ 23. ಅವರ 10, ಕೊಲಾವು ಕಡೆಯ 9, ಪಿಪಿಯ 4. ಪರಸ್ಪರ ಮುಖ ನೋಡದ ಎರಡು ಪಕ್ಷಗಳು, ತ್ರಿಯಾಸ್ ಬರಬಾರದು ಎಂಬ ಒಂದೇ ಕಾರಣಕ್ಕೆ ಒಬ್ಬನಿಗೇ ಓಟು ಹಾಕಿದ್ದವು. ತಮಾಷೆ ಏನೆಂದರೆ, ‘ಹೆಚ್ಚು ಓಟು ಪಡೆದ ಪಟ್ಟಿಯೇ ಆಳಲಿ’ ಎಂದು ವರ್ಷಗಳಿಂದ ಪಟ್ಟು ಹಿಡಿದಿರುವ ಪಕ್ಷ ಇದೇ ಪಿಪಿ!

ಇದನ್ನು ಮೋಸ ಎನ್ನುವವರು ಇಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ, ಯಾಕೆಂದರೆ ಎಲ್ಲರೂ ಆಡುವ ಆಟ ಇದು. 2019ರ ಜೂನ್ 15ರಂದು ಒಂದೇ ದಿನ ಎರಡೂ ದೊಡ್ಡ ಊರುಗಳಲ್ಲಿ ಮೊದಲ ಸ್ಥಾನದವರು ಹೊರಗುಳಿದರು. ಮ್ಯಾಡ್ರಿಡ್‌ನಲ್ಲಿ 57ರಲ್ಲಿ 19 ಗೆದ್ದ ಎಡದವರನ್ನು ಬಿಟ್ಟು 15 ಗೆದ್ದ ಪಿಪಿ, ಉಳಿದ ಬಲದವರನ್ನು ಸೇರಿಸಿಕೊಂಡು 30 ಮಾಡಿಕೊಂಡಿತು. ಬಾರ್ಸಿಲೋನಾದಲ್ಲಿ ಇಆರ್‌ಸಿ ಮತ್ತು ಕೊಲಾವು ತಲಾ 10; ಇಆರ್‌ಸಿಗೆ ಐದು ಸಾವಿರಕ್ಕಿಂತ ಕಡಿಮೆ ಓಟಿನ ಮುನ್ನಡೆ. ಕೊಲಾವು 21 ಕೂಡಿಸಿಕೊಂಡು ಗೆದ್ದರು. ನಮ್ಮಲ್ಲಿ 2015ರಲ್ಲಿ ಬಿಜೆಪಿ 198ರಲ್ಲಿ 100 ವಾರ್ಡ್ ಗೆದ್ದೂ ಮೇಯರ್ ಪಟ್ಟ ಕಾಂಗ್ರೆಸ್ಸಿಗೆ ಹೋದದ್ದು ನೆನಪಿರಬೇಕು. ಅಲ್ಲಿ ಲೆಕ್ಕ ತಿರುಗಿಸಿದ್ದರಲ್ಲಿ ಶಾಸಕರು, ಸಂಸದರ ಓಟುಗಳಿದ್ದವು. ಸ್ಪೇನಿನಲ್ಲಿ ಹೊರಗಿನವರು ಯಾರೂ ಆ ಕೋಣೆಯಲ್ಲಿ ಓಟು ಹಾಕುವಂತಿಲ್ಲ.

ಸರಿ, 10 ಜನರನ್ನು ಇಟ್ಟುಕೊಂಡು ನಾಲ್ಕು ವರ್ಷ ಹೇಗೆ ಆಳುವುದು? ಇಲ್ಲಿ ಮೇಯರ್‌ನನ್ನು ಇಳಿಸುವುದು ಕಷ್ಟ. ‘ನೀನು ಬೇಡ’ ಅಂದರೆ ಸಾಲದು, ‘ಇವರು ಬೇಕು’ ಎಂದು ಬದಲಿ ಹೆಸರು ಬರೆದೇ ಅವಿಶ್ವಾಸ ನಿರ್ಣಯ ತರಬೇಕು, ಅದಕ್ಕೆ ಬಹುಮತದ ಸಹಿ ಬೇಕು. ವಿರೋಧಿಸಲು ಒಂದಾಗುವವರು ಬದಲಿ ಹೆಸರಿಗೆ ಒಂದಾಗುವುದಿಲ್ಲವಲ್ಲ! ಬಜೆಟ್‌ಗೂ ಇದೇ ಉಪಾಯ. ಬಜೆಟ್ ಬಿದ್ದರೆ ಮೇಯರ್ ಅದಕ್ಕೆ ತನ್ನ ಕುರ್ಚಿಯನ್ನೇ ಗಂಟುಹಾಕಿ ವಿಶ್ವಾಸಮತ ಕೇಳಬಹುದು. ಸೋತರೂ ಪರವಾಗಿಲ್ಲ, ಒಂದು ತಿಂಗಳೊಳಗೆ ವಿರೋಧಿಗಳು ಬೇರೆ ಮೇಯರ್ ಹೆಸರು ತರದಿದ್ದರೆ ಬಜೆಟ್ ತಾನಾಗಿ ಪಾಸು. 2024ರ ಬಜೆಟ್ಟನ್ನು ಕೊಲ್ಬೊನಿ ಹೀಗೇ ದಾಟಿಸಿದರು. ಅಂದರೆ ಸೋತು ಗೆದ್ದರು. ಆದರೆ ಊರಿನ ಯೋಜನೆ, ತೆರಿಗೆ ದರ ಇಂಥವನ್ನು ಸಾಮಾನ್ಯ ಸಭೆಯೇ ಒಪ್ಪಬೇಕು. ಪ್ರತಿ ಸಲ ಈ ಕತ್ತಿ ಝಳಪಿಸಲು ಆಗುವುದಿಲ್ಲ, ಆದ್ದರಿಂದ ಒಂದು ವಿಷಯಕ್ಕೆ ಎಡದವರ ಮನೆ, ಇನ್ನೊಂದಕ್ಕೆ ಬಲದವರ ಮನೆ ಸುತ್ತುವುದು ತಪ್ಪಿದ್ದಲ್ಲ.

ಅಧಿಕಾರದ ವಿಷಯಕ್ಕೆ ಬಂದರೆ, ಇದೆ, ಚೆನ್ನಾಗಿಯೇ ಇದೆ. ಉಪಮೇಯರ್‌ಗಳನ್ನು ನೇಮಿಸುವುದು, ನಗರ ಪೊಲೀಸರ ಮುಖ್ಯಸ್ಥಿಕೆ, ಖರ್ಚಿಗೆ ಸಹಿ, ಓಟು ಸಮವಾದಾಗ ನಿರ್ಣಾಯಕ ಮತ, ಎಲ್ಲ ಮೇಯರ್ ಕೈಯಲ್ಲಿ. ರಾಜ್ಯ ಸರ್ಕಾರ ಕಳಿಸಿದ ಕಮಿಷನರ್ ಮೇಲೆ ಕೂತಿರುವುದಿಲ್ಲ. ಪರೀಕ್ಷೆ ಬರೆದು ಬಂದ ಕಾರ್ಯದರ್ಶಿ ಮತ್ತು ಲೆಕ್ಕಾಧಿಕಾರಿ ಇರುತ್ತಾರೆ. ಲೆಕ್ಕಾಧಿಕಾರಿ ತಕರಾರು ಬರೆದರೆ ಬಿಲ್ಲು ನಿಂತುಹೋಗಬಹುದು, ಆದರೆ ಊರು ಆಳುವುದು ಅವರ ಕೆಲಸವಲ್ಲ. ಕಸ, ನೀರು, ಬೀದಿದೀಪ, ಚರಂಡಿ, ಸ್ಮಶಾನ ಹಳ್ಳಿಯಿಂದ ಹಿಡಿದು ಎಲ್ಲ ನಗರಸಭೆಗಳದ್ದು. 50 ಸಾವಿರ ದಾಟಿದ ಊರಿಗೆ ಸಿಟಿ ಬಸ್ಸೂ ಸೇರುತ್ತದೆ. ಆಸ್ಪತ್ರೆ ಮಾತ್ರ ನಮ್ಮ ರಾಜ್ಯಗಳಂಥ ಸ್ವಾಯತ್ತ ಪ್ರದೇಶದ ಸರ್ಕಾರದ್ದು.

ಕೊನೆಯದು, ನಮ್ಮವರ ಓಟು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಆಗುವುದಿಲ್ಲ. ಯುರೋಪಿಯನ್ ಒಕ್ಕೂಟದವರು ಓಟು ಹಾಕಬಹುದು, ನಿಲ್ಲಲೂಬಹುದು. ಸ್ಪೇನ್ ಜೊತೆ ಒಪ್ಪಂದ ಇರುವ ಕೆಲವು ದೇಶದವರು, ಈಕ್ವೆಡಾರ್, ಪೆರು, ಕೊಲಂಬಿಯಾ, ಕೊರಿಯಾ ಇತ್ಯಾದಿ, ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದ ಮೇಲೆ ಓಟು ಮಾತ್ರ ಹಾಕಬಹುದು. ಅದಕ್ಕೂ ಪ್ರತಿ ಚುನಾವಣೆಗೆ ಮುಂಚೆ ಅರ್ಜಿ ಕೊಡಬೇಕು. ಆ ಪಟ್ಟಿಯಲ್ಲಿ ಭಾರತ ಇಲ್ಲ. ಆದರೆ ‘ಪದ್ರೋನ್’ ಎಂಬ ನಿವಾಸಿಗಳ ದಾಖಲೆಯಲ್ಲಿ ನನ್ನ ಹೆಸರಿದೆ. ಮಗುವನ್ನು ಶಾಲೆಗೆ ಸೇರಿಸಲು, ಆರೋಗ್ಯ ಕಾರ್ಡಿಗೆ, ಎಲ್ಲದಕ್ಕೂ ಮೊದಲು ಕೇಳುವುದು ಅದನ್ನೇ. ಊರಿಗೆ ಎಷ್ಟು ಕಾರ್ಪೊರೇಟರ್ ಎಂದು ನಿಗದಿ ಮಾಡುವುದೂ ಅದೇ ದಾಖಲೆಯ ಜನಸಂಖ್ಯೆಯಿಂದ: 50 ಸಾವಿರ ದಾಟಿ ಒಂದು ಲಕ್ಷದವರೆಗಿನ ಊರಿಗೆ 25, ಆಮೇಲೆ ಪ್ರತಿ ಲಕ್ಷಕ್ಕೆ ಅಥವಾ ಅದರ ತುಂಡಿಗೆ ಒಬ್ಬರು, ಸಮಸಂಖ್ಯೆ ಬಂದರೆ ಇನ್ನೊಬ್ಬರು. ಹಾಗೆ ಬಂದದ್ದು 41. ಆ ಲೆಕ್ಕದಲ್ಲಿ ನನ್ನ ತಲೆಯನ್ನೂ ಎಣಿಸಿದ್ದಾರೆ.